ಹುಳಿಹಿಟ್ಟು ಮತ್ತು ಅಪ್ಪನ ಮೂಗು

ನಾನು ಸೌಟು ಹಿಡಿದು ಮೂವತ್ತೈದು ವರ್ಷವಾಗಿರಬಹುದು. ಅಷ್ಟು ವರ್ಷಗಳಲ್ಲಿ ಅಪ್ಪ ನನ್ನ ಅಡುಗೆಯನ್ನು ಒಮ್ಮೆಯೂ ಹೊಗಳಿದವರಲ್ಲ. ಹಾಗಿರುವಾಗ ನನ್ನ ಇಟಾಲಿಯನ್ ಬ್ರೆಡ್ಡನ್ನು ಒಂದೇ ವಾರದಲ್ಲಿ ಮೂರು ಸಲ ಹೊಗಳಿದಾಗಲೇ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಅಂಥ ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಬುದ್ಧಿ ಎಲ್ಲಿ ಕೆಲಸ ಮಾಡುತ್ತದೆ?

ಅಪ್ಪ ಉಡುಪಿಯ ಸುತ್ತಮುತ್ತ ಮದುವೆ, ಮುಂಜಿ, ಪೂಜೆಗಳಿಗೆ ಅಡುಗೆ ಮಾಡಿಕೊಂಡು ಬಂದವರು. ನಮ್ಮಲ್ಲಿ ದೇವರಿಗೆ ನೈವೇದ್ಯ ಆಗುವ ಮೊದಲು ಅಡುಗೆಯವರು ರುಚಿ ನೋಡುವಂತಿಲ್ಲ. ಇನ್ನೂರು ಜನರ ಸಾರನ್ನು ನಾಲಿಗೆಗೆ ಒಂದು ಹನಿ ತಾಗಿಸದೆ ಕುದಿಸಿ ಇಳಿಸಬೇಕು. ಆದ್ದರಿಂದ ಮೂಗೇ ಅವರ ನಾಲಿಗೆ. ಕೊಪ್ಪರಿಗೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದುಕೊಂಡರೆ ಉಪ್ಪು ಎಷ್ಟು, ಹುಳಿ ಎಷ್ಟು, ಬೇಳೆಯ ಹಸಿ ಹೋಯಿತೇ ಇಲ್ಲವೇ ಎಲ್ಲ ಗೊತ್ತಾಗುತ್ತಿತ್ತು. ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಲೇ, "ಇಂಗು ಕರಟಿತು" ಎನ್ನುತ್ತಿದ್ದರು. ಮನೆಯಲ್ಲಿ ನಾವಾಡುವುದು ತುಳು. ಬರೆಯುವಾಗ ಕನ್ನಡವಾಗಿದೆ ಅಷ್ಟೆ. ಬೈಗುಳದ ಖಾರ ಎರಡರಲ್ಲೂ ಒಂದೇ.

ಎಪ್ಪತ್ತೆಂಟಾದ ಮೇಲೆ ಅವರು ದೊಡ್ಡ ಅಡುಗೆಗಳನ್ನು ಬಿಟ್ಟಿದ್ದರು. ಒಂದನ್ನು ಮಾತ್ರ ಒಪ್ಪಿಕೊಂಡಿದ್ದರು. ಕಾರ್ಕಳದಲ್ಲಿರುವ ಅವರ ತಂಗಿ, ಅಂದರೆ ನನ್ನ ಅತ್ತೆ, ಮೊಮ್ಮಗನ ಉಪನಯನ ಇಟ್ಟುಕೊಂಡಿದ್ದರು. "ಅಣ್ಣನ ಕೈ ಅಡುಗೆ ಇಲ್ಲದಿದ್ದರೆ ಕಾರ್ಯವೇ ಬೇಡ" ಎಂದು ಅತ್ತೆ ಹಟ ಹಿಡಿದಿದ್ದರು. ಅಪ್ಪ ಮೇಲಿಂದ ಮೇಲೆ "ವಯಸ್ಸಾಯಿತು, ಸಾಧ್ಯ ಇಲ್ಲ" ಎನ್ನುತ್ತಾ, ಒಳಗೊಳಗೇ ಸಾಮಾನಿನ ಚೀಟಿ ಬರೆಯಲು ಶುರುಮಾಡಿದ್ದರು.

ಬ್ರೆಡ್ಡಿನ ಹುಚ್ಚು ನನಗೆ ಹತ್ತಿಸಿದ್ದು ಮಣಿಪಾಲದ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಬ್ಯಾರಿ ಮುಸ್ಲಿಂ ಹುಡುಗಿ. ಹುಡುಗಿ ಎಂದರೆ ಇಬ್ಬರು ಮಕ್ಕಳ ತಾಯಿ, ಆದರೆ ನನಗಿಂತ ಹದಿನೈದು ವರ್ಷ ಚಿಕ್ಕವಳು. ಕಾಪುವಿನಿಂದ ಬರುತ್ತಾಳೆ. ಅವಳ ಗಂಡ ಗಲ್ಫ್‌ನ ಒಂದು ಹೋಟೆಲಿನಲ್ಲಿ ಇಟಾಲಿಯನ್ ಬ್ರೆಡ್ ಮಾಡುವ ಕೆಲಸದಲ್ಲಿದ್ದು, ಈಗ ಊರಿಗೆ ಬಂದು ನೆಲೆಸಿದ್ದಾರೆ. ಬರುವಾಗ ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟನ್ನು ಒಣಗಿಸಿ ಪುಡಿಮಾಡಿ ತಂದಿದ್ದರಂತೆ. ಅದಕ್ಕೆ ನೀರು, ಮೈದಾ ಕೊಟ್ಟು ಎಬ್ಬಿಸಿದರು. ಅದರಲ್ಲಿ ಒಂದು ಪಾಲು ಬಾಟಲಿಯಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂತು.

"ಅಕ್ಕ, ದಿನಾ ಅರ್ಧ ತೆಗೆದು ಹಾಕಬೇಕು. ಉಳಿದ ಅರ್ಧಕ್ಕೆ ಅಷ್ಟೇ ಮೈದಾ, ಅಷ್ಟೇ ನೀರು. ಬೇರೆ ಎಂತ ಇಲ್ಲ" ಎಂದು ಅವಳು ಹೇಳಿಕೊಟ್ಟಳು.

ತೆಗೆದು ಹಾಕುವುದು! ಅಪ್ಪನಿಗೆ ಆ ಮಾತು ಕೇಳಿ ತಲೆ ತಿರುಗುವುದೊಂದು ಬಾಕಿ. "ಹುಳಿ ಬಂದ ಹಿಟ್ಟನ್ನು ಬಿಸಾಡುವ ಜನ ಯಾರು ಮಾರಾಯ್ತಿ? ಇಟಲಿಯವರಿಗೆ ದೋಸೆ ಕಲ್ಲು ಇಲ್ವಾ?" ಅಂದಿನಿಂದ ತೆಗೆದ ಅರ್ಧ ಅಪ್ಪನ ಪಾಲಾಯಿತು. ಅದಕ್ಕೆ ಹಸಿಮೆಣಸು, ಕರಿಬೇವು ಹೆಚ್ಚಿ ಹಾಕಿ ದಿನಾ ಬೆಳಿಗ್ಗೆ ಹೊಯ್ದರು. ಹನ್ನೊಂದು ದಿನ ಮೈದಾ ದೋಸೆ ತಿಂದ ಮೇಲೆ ನಾನೇ ಕೈಮುಗಿದೆ.

ನನ್ನ ಮೊದಲ ಬ್ರೆಡ್ಡು ಕಡೆಯುವ ಕಲ್ಲಿನ ತಮ್ಮನಂತಿತ್ತು. ಪುಸ್ತಕದಲ್ಲಿ ಹನ್ನೆರಡು ಗಂಟೆ ಹುದುಗಲಿ ಎಂದು ಬರೆದಿತ್ತು. ನಾನೂ ವಿಧೇಯಳಾಗಿ ಹನ್ನೆರಡು ಗಂಟೆ ಕಾದೆ. ಆ ಪುಸ್ತಕ ಬರೆದವರ ಊರು ಉಡುಪಿಯಲ್ಲವಲ್ಲ. ನಮ್ಮ ಸೆಕೆಗೆ ಹಿಟ್ಟು ನಾಲ್ಕೇ ಗಂಟೆಯಲ್ಲಿ ಎದ್ದು, ನನ್ನ ದಾರಿ ಕಾದು, ಬೇಸತ್ತು ಮಲಗಿಬಿಟ್ಟಿತ್ತು. ಎರಡನೆಯದು ಪರವಾಗಿಲ್ಲ. ಮೂರನೆಯದರ ಒಳಗೆ ತೂತುಗಳು ಕಾಣಿಸಿಕೊಂಡವು. ಅಪ್ಪ ಒಂದು ತುಂಡು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಪರಿಮಳ ಉಂಟು. ಒಳ್ಳೆ ಪರಿಮಳ" ಎಂದರು. ನಾನು ಅದನ್ನು ಆಫೀಸಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆ ದಿನ ತಳ ಕರಟಿ ಮನೆಯೆಲ್ಲ ಹೊಗೆಯಾಗಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

ಅಷ್ಟರಲ್ಲಿ ಹೆಬ್ರಿಯಲ್ಲಿ ಗೆಳತಿಯ ಮಗಳ ಮದುವೆ ಬಂತು. ಮೂರು ದಿನ ಹೋಗಬೇಕಿತ್ತು. ಹುಳಿಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ಹೋಗುತ್ತೇನೆಂದರೆ ಅಪ್ಪ ಒಪ್ಪಲಿಲ್ಲ. "ನಾನು ಹಿಟ್ಟು ನೋಡದವನಾ? ಬಿಟ್ಟು ಹೋಗು." ಐವತ್ತು ವರ್ಷ ಹಿಟ್ಟಿನ ಜೊತೆ ಬಾಳಿದವರಿಗೆ ಇನ್ನೇನು ಹೇಳುವುದು? ಬಿಟ್ಟು ಹೋದೆ.

ಮೂರನೆಯ ದಿನ ಸಂಜೆ ನಾನೂ ಕಾಪುವಿನ ಹುಡುಗಿಯೂ ಒಟ್ಟಿಗೆ ಮನೆಯ ಗೇಟಿಗೆ ಬಂದೆವು. ಈ ಭಟ್ರ ಕೈಯ ಬ್ರೆಡ್ಡು ತಿನ್ನಲು ಬಾ ಎಂದು ಅಪ್ಪನೇ ಫೋನ್ ಮಾಡಿ ಅವಳನ್ನು ಕರೆದಿದ್ದರು. ಗೇಟಿನಲ್ಲೇ ಅವಳು ತಲೆವಸ್ತ್ರದ ತುದಿಯನ್ನು ಮೂಗಿಗೆ ಒತ್ತಿಕೊಂಡಳು. "ಅಕ್ಕ, ಹೆಗ್ಗಣ ಸತ್ತಿರಬೇಕು" ಎಂದು ಮೆಲ್ಲಗೆ ಹೇಳಿದಳು.

ಸತ್ತಿದ್ದು ಹೆಗ್ಗಣವಲ್ಲ. ಹಿಟ್ಟಿಗೆ ಬರೀ ಮೈದಾ ಸಪ್ಪೆಯಾಯಿತೆಂದು ಅಪ್ಪ ಉದ್ದು, ಮೆಂತೆ ರುಬ್ಬಿ ಹಾಕಿದ್ದರು. ಮೆತ್ತಗಾಗಲಿ ಎಂದು ಒಂದು ಹಿಡಿ ಕುಚ್ಚಲಕ್ಕಿ ಅನ್ನವನ್ನೂ ಸೇರಿಸಿದ್ದರು. ಬೆಳಗಿನ ಚಳಿಯಲ್ಲೂ ಇಡ್ಲಿ ಹಿಟ್ಟು ಹುದುಗಲಿ ಎಂದು ಬಚ್ಚಲೊಲೆಯ ಬದಿಯಲ್ಲಿ ಇಡುವುದು ನಮ್ಮಲ್ಲಿ ಎಲ್ಲರ ಮನೆಯ ಕ್ರಮ. ಅಲ್ಲಿಯೇ ಇದನ್ನೂ ಇಟ್ಟಿದ್ದರು, ಮೂರು ದಿನ, ಬಾಯಿ ಬಿಗಿದು. ಈಗ ಅದು ಪಾತ್ರೆಯಲ್ಲಿ ಬೂದಿ ಬಣ್ಣಕ್ಕೆ ತಿರುಗಿ ನೊರೆಯಾಡುತ್ತಿತ್ತು. ಅಂಚಿನಲ್ಲಿ ಗುಲಾಬಿ ಗೆರೆ ಎದ್ದಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ನಾತಕ್ಕೆ.

ಅಪ್ಪ ಸಂಭ್ರಮದಿಂದ ಮುಚ್ಚಳ ತೆಗೆದು, ಬಗ್ಗಿ, ದೀರ್ಘವಾಗಿ ಉಸಿರೆಳೆದುಕೊಂಡರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. "ನೋಡು, ಹೇಗೆ ಘಮ್ಮೆನ್ನುತ್ತದೆ. ಅಲ್ವಾ?" ಎಂದು ಅವಳನ್ನು ಕೇಳಿದರು.

"ಹೌದು ಭಟ್ರೇ, ತುಂಬಾ" ಎಂದಳು ಆ ಪುಣ್ಯಾತ್ಗಿತ್ತಿ, ಮೂಗಿನಿಂದ ಬಟ್ಟೆ ತೆಗೆಯದೆ.

ನನಗೆ ಆಗ ಗೊತ್ತಾಯಿತು. 

ಅವಳನ್ನು ಹೇಗೋ ಕಳಿಸಿಕೊಟ್ಟು ಬಂದೆ. ಇಂಗಿನ ಡಬ್ಬಿಯ ಮುಚ್ಚಳ ತೆಗೆದು, ಪೇಪರ್ ಓದುತ್ತಿದ್ದ ಅಪ್ಪನ ಮೂಗಿನ ಕಡೆಗೆ ಹಿಂದಿನಿಂದ ಹಿಡಿದೆ. ಪುಟ ಮಗುಚಿದರು. ಇನ್ನೂ ಹತ್ತಿರ ಹಿಡಿದೆ. ತಿರುಗಿ ನೋಡದೆಯೇ ಅಪ್ಪ ಹೇಳಿದರು: "ನಿನ್ನ ಬಳೆಯ ಸದ್ದು ಕೇಳುತ್ತದೆ ಮಗಾ. ಕಿವಿ ಸರಿ ಉಂಟು. ಡಬ್ಬಿ ಮುಚ್ಚು, ಗಾಳಿಗೆ ಹಾಳಾಗ್ತದೆ."

ಮಳೆಗಾಲದಲ್ಲಿ ಅಪ್ಪ ಜ್ವರ ಬಂದು ಮಲಗಿದ್ದರು, ಮೂಗಿನ ಶಕ್ತಿ ಆಗ ಹೋದದ್ದು. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಐದು ತಿಂಗಳು ಕಾದಿದ್ದರು. ದಿನಾ ಬೆಳಿಗ್ಗೆ ದೇವರ ಮುಂದೆ ಕರ್ಪೂರ ಹಚ್ಚಿ ಮೂಸಿ ನೋಡುತ್ತಿದ್ದರಂತೆ. ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ. ಡಾಕ್ಟರಿಗೆ ತೋರಿಸಿದ್ದೂ ಆಗಿತ್ತು, ನನಗೆ ಹೇಳದೆ. ಕಾಯಬೇಕು ಎಂದಿದ್ದರಂತೆ ಅವರೂ.

"ಮತ್ತೆ ಕಾರ್ಕಳದ ಅಡುಗೆ?" ಎಂದೆ. ಉಪನಯನಕ್ಕೆ ಎಂಟೇ ದಿನ ಇತ್ತು.

"ಹೇಗೋ ಮಾಡ್ತೇನೆ."

"ಉಪ್ಪು, ಹುಳಿ ನಾಲಿಗೆಗೆ ತಿಳಿಯುತ್ತದಲ್ಲ. ಒಂದೇ ಒಂದು ಹನಿ ರುಚಿ ನೋಡಿದರೆ..."

ಅಪ್ಪ ನನ್ನನ್ನು ನೋಡಿದ ನೋಟಕ್ಕೆ ನಾನು ವಾಕ್ಯ ಮುಗಿಸಲಿಲ್ಲ. "ದೇವರಿಗೆ ಎಂಜಲು ಇಡುವುದಾ? ಆ ಮಾಣಿಯ ಉಪನಯನದ ದಿನ?" ಎಂದರು. ಆಮೇಲೆ ಸ್ವರ ತಗ್ಗಿಸಿ, "ಅತ್ತೆಗೆ ಹೇಳಬೇಡ" ಎಂದರು. ಅಪ್ಪ ನನ್ನ ಹತ್ತಿರ ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಇನ್ನೂರು ಜನರ ಸಾರಿನ ಬಗ್ಗೆ ಹೆದರಿಕೆಯೂ ಆಯಿತು, ಸುಳ್ಳೇಕೆ.

ಹುಳಿಹಿಟ್ಟು ಮಣ್ಣು ಸೇರಿತ್ತು. ಹೊಸದು ತರಲು ಭಾನುವಾರ ಕಾಪುವಿಗೆ ಹೊರಟರೆ ಅಪ್ಪನೂ ಬಂದರು. ಹಿಂದೆಲ್ಲ ಕಾಪುವಿನ ಕಡಲ ಬದಿಯ ರಸ್ತೆಯಲ್ಲಿ ಒಣಮೀನಿನ ವಾಸನೆಗೆ ವಸ್ತ್ರದಿಂದ ಮೂಗು ಮುಚ್ಚಿ ಕೂರುತ್ತಿದ್ದವರು, ಈಗ ಕಿಟಕಿ ಪೂರ್ತಿ ತೆರೆದು ಗಾಳಿ ತೆಗೆದುಕೊಂಡರು. "ಒಂದು ಲಾಭ ಆಯಿತು ನಿಮಗೆ" ಎಂದೆ. ಅಪ್ಪ ನಕ್ಕರು. ಆದರೆ ಆ ರಸ್ತೆ ಮುಗಿಯುವವರೆಗೂ ಗಾಳಿಯನ್ನು ಎಳೆದು ಎಳೆದು ನೋಡುತ್ತಲೇ ಇದ್ದರು.

ಹುಡುಗಿಯ ಗಂಡ ನಮ್ಮನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋದರು. ಅಪ್ಪನ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಹಿಟ್ಟಿಗೆ ಒದ್ದೆ ಬೆರಳು ಚುಚ್ಚಿ ತೋರಿಸಿದರು. ಗುಳಿ ಮೆಲ್ಲಗೆ ತುಂಬಿಕೊಂಡರೆ ಹದ, ಥಟ್ಟನೆ ತುಂಬಿದರೆ ಇನ್ನೂ ಹೊತ್ತು ಬೇಕು, ತುಂಬದೇ ಇದ್ದರೆ ಕೈಮೀರಿತು. ಹಿಟ್ಟನ್ನು ನಾದುವುದಿಲ್ಲ, ಅರ್ಧ ಗಂಟೆಗೊಮ್ಮೆ ಅಂಚು ಎತ್ತಿ ಮಡಚುವುದಷ್ಟೇ. ಬೆಂದ ಬ್ರೆಡ್ಡನ್ನು ಮಗುಚಿ ತಳವನ್ನು ಗೆಣ್ಣಿನಿಂದ ತಟ್ಟಬೇಕು. ಟೊಳ್ಳು ಸದ್ದು ಬಂದರೆ ಒಳಗೂ ಬೆಂದಿದೆ ಎಂದು ಲೆಕ್ಕ.

"ಮೂಸಿ ನೋಡುವುದಿಲ್ವಾ?" ಅಪ್ಪ ಕೇಳಿದರು.

"ಮೂಗನ್ನು ನಂಬಿದರೆ ಆಗ್ಲಿಕ್ಕಿಲ್ಲ ಭಟ್ರೇ. ನಮ್ಮ ಗಲ್ಫಿನ ಕಿಚನ್‌ನಲ್ಲಿ ಪಕ್ಕದಲ್ಲೇ ಮಸಾಲೆ ಹುರಿಯುವುದು. ಹಿಟ್ಟಿನ ವಾಸನೆ ಯಾರಿಗೆ ತಿಳೀತದೆ? ಎಲ್ಲ ಕೈಯಲ್ಲೇ."

ಅಪ್ಪ ಅಂಗಿಯ ತೋಳು ಮಡಚಿ, ಕೈ ತೊಳೆದುಕೊಂಡು ಬಂದು, ಬೆರಳು ಚುಚ್ಚಿದರು. ಬೇರೆಯವರ ಅಡುಗೆಮನೆಯಲ್ಲಿ ಅವರು ಶಿಷ್ಯನಂತೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಒಂದು ಗಂಟೆ ಹಾಗೇ ನಿಂತರು.

ಆಮೇಲಿನ ದಿನಗಳಲ್ಲಿ ಮನೆಯ ಓವನ್ ನನ್ನದಾಗಿ ಉಳಿಯಲಿಲ್ಲ. ನಾನು ಆಫೀಸಿನಿಂದ ಬರುವಾಗ ಅಪ್ಪ ಬಟ್ಟೆ ಮುಚ್ಚಿದ ಹಿಟ್ಟಿನ ಮುಂದೆ ಕುಳಿತಿರುತ್ತಿದ್ದರು. ನೀರು ಹೆಚ್ಚಿದರೆ ಬೆರಳ ಸಂದಿಯಲ್ಲಿ ಹೇಗಿರುತ್ತದೆ, ಕಡಿಮೆಯಾದರೆ ಹೇಗಿರುತ್ತದೆ ಎಂದು ನನಗೇ ಪಾಠ. ಮೊದಲ ಬ್ರೆಡ್ಡನ್ನು ಮಗುಚಿ, ಹಲಸಿನ ಹಣ್ಣು ತಟ್ಟುವ ಹಾಗೆ ತಟ್ಟಿ, ಕಿವಿಗೆ ಹಿಡಿದು, "ಇನ್ನು ಐದು ನಿಮಿಷ" ಎಂದರು. ಸರಿಯಾಗಿಯೇ ಇತ್ತು. ನನಗೆ ಆರು ವಾರ ಹಿಡಿದದ್ದನ್ನು ಅವರು ಎರಡು ದಿನದಲ್ಲಿ ಕಲಿತದ್ದು ಸ್ವಲ್ಪ ಹೊಟ್ಟೆಯುರಿಯ ವಿಷಯವೇ.

ಉಪನಯನಕ್ಕೆ ಮೂರು ದಿನ ಇರುವಾಗ, ಬೆಳಿಗ್ಗೆ, ಕಾರ್ಕಳದಿಂದ ಫೋನ್ ಬಂತು. ಅಪ್ಪನ ಕೈಗಳೆರಡೂ ಹಿಟ್ಟಿನಲ್ಲಿದ್ದವು. ನಾನು ಸ್ಪೀಕರ್ ಹಾಕಿ ಮೊಬೈಲನ್ನು ಅವರ ಮುಖದ ಹತ್ತಿರ ಹಿಡಿದುಕೊಂಡೆ.

"ಅಣ್ಣ, ಕೊಪ್ಪರಿಗೆ ಬಂತು. ಹಿಂದಿನ ದಿನವೇ ಬಾ ಆಯ್ತಾ? ನೀನು ಒಮ್ಮೆ ಮೂಸಿ ಹೇಳಿದರೆ ನನಗೆ ಧೈರ್ಯ."

ಅಪ್ಪ ಹಿಟ್ಟಿನ ಒಂದು ಅಂಚು ಎತ್ತಿ ಮಡಚಿದರು. ಇನ್ನೊಂದನ್ನು ಎತ್ತಿದರು. ಮಡಚಲಿಲ್ಲ.

"ತಂಗಿ, ನನಗೆ ವಾಸನೆ ತಿಳಿಯುವುದಿಲ್ಲ."

"ಎಂತ?"

"ಮೂಗು ಹೋಗಿದೆ. ಮಳೆಗಾಲದಿಂದ. ಅಡುಗೆಗೆ ಬೇರೆ ಜನ ನೋಡು. ಇನ್ನೂ ಮೂರು ದಿನ ಉಂಟು."

 ಕರೆ ಕಡಿದು ಹೋಯಿತೇನೋ ಎಂದು ನಾನು ಪರದೆ ನೋಡಿದೆ.

"ಇಷ್ಟು ತಿಂಗಳಿಂದ ನನಗೆ ಯಾಕೆ ಹೇಳಲಿಲ್ಲ ಅಣ್ಣ?"

"ಹೇಳಿದರೆ ನೀನು ಕರೆಯುವುದಿಲ್ಲ ಅಂತ."

ಅತ್ತೆ ಬೈಯಲು ಶುರುಮಾಡಿದರು. ಬೈಗುಳ ನಮ್ಮ ವಂಶದ ಆಸ್ತಿ. ಅವರ ಪಾಲಿಗೂ ಧಾರಾಳವಾಗಿ ಬಂದಿದೆ. ನಾನೇನು ಅಡುಗೆಯವನನ್ನು ಕರೆದದ್ದಾ, ನಿನ್ನ ಮೂಗಿಗೆ ಆಮಂತ್ರಣ ಕೊಟ್ಟದ್ದಾ, ನನಗೆ ಇರುವುದು ಒಬ್ಬನೇ ಅಣ್ಣ ಅಲ್ಲವಾ, ಎಂದು ಹೇಳುತ್ತಾ ಹೋದರು. ನಡುವಿನಲ್ಲೆಲ್ಲೋ ಅವರ ಸ್ವರ ಒಡೆಯಿತು. "ನೀನು ಬಾ. ಸೌಟು ಮುಟ್ಟಬೇಡ. ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸ್ತೇನೆ, ಕೂತು ಊಟ ಮಾಡು. ನಮ್ಮ ಮನೆಯ ಯಾವ ಕಾರ್ಯದಲ್ಲಾದರೂ ನೀನು ಕೂತು ಉಂಡದ್ದುಂಟಾ?"

ಅಪ್ಪ "ಬರ್ತೇನೆ" ಎಂದರು. 

ಅವರ ಕೈಗಳು ಮಣಿಗಂಟಿನವರೆಗೂ ಹಿಟ್ಟಿನಲ್ಲಿದ್ದವು, ಒರೆಸಿಕೊಳ್ಳುವ ಹಾಗಿರಲಿಲ್ಲ. ನಾನು ಫೋನನ್ನು ಮೇಜಿನ ಮೇಲಿಟ್ಟು, ಸೆರಗಿನ ತುದಿಯಿಂದ ಅಪ್ಪನ ಕಣ್ಣು ಒರೆಸಿದೆ.