ಎಲ್ಲ ಪಿನ್ನೂ ಒಟ್ಟಿಗೇ

ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಪಕ್ಕದ ಮನೆಯ ಹಾಲೇಶನಿಗೆ ಹೊಟ್ಟೆಕಿಚ್ಚು. ಯಾರ ಮೇಲೆ ಅಂತೀರಿ? ಕಟ್ಟಿಕೊಂಡ ಹೆಂಡತಿ ಕವನಳ ಮೇಲೆ.

ಇಬ್ಬರೂ ದಿನಾ ಒಂದೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ, ಶಂಕರನಾರಾಯಣರ ಸಣ್ಣ ಕಾರ್ಖಾನೆಗೆ ಹೋಗುತ್ತಾರೆ. ಅಲ್ಲಿ ತಯಾರಾಗುವುದು ತೋಟದ ಪಂಪು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು. ಪಂಪಿಗೆ ಆಜ್ಞೆ ಹೊರಡುವ ಅದರ ಔಟ್‌ಪುಟ್ ಪಿನ್ನುಗಳಿಗೆ ಎಲ್‌ಇಡಿ ದೀಪ ಸಿಕ್ಕಿಸಿ, ಆನ್ ಅಂದಾಗ ಹೊತ್ತುತ್ತದೆಯೇ, ಆಫ್ ಅಂದಾಗ ಆರುತ್ತದೆಯೇ ಎಂದು ನೋಡುವುದು ಇವರ ಕೆಲಸ. ಕವನಳಿಗೆ ಅದನ್ನು ಕಲಿಸಿದವನೇ ಹಾಲೇಶ. ಒಂದೊಂದೇ ಪಿನ್ನು ನೋಡು ಎಂದಿದ್ದ, ಯಾಕೆಂದು ಮಾತ್ರ ಹೇಳಿರಲಿಲ್ಲ. ಈಗ ನೋಡಿದರೆ ಗುರುವಿಗೇ ತಿರುಮಂತ್ರ. ಇವನು ಒಂದು ಬೋರ್ಡು ಮುಗಿಸುವಷ್ಟರಲ್ಲಿ ಅವಳದು ನಾಲ್ಕು ಮುಗಿದಿರುತ್ತಿತ್ತು. ಟೆಸ್ಟಿಂಗ್ ಇನ್‌ಚಾರ್ಜ್ ಯಾರೆಂದು ಶನಿವಾರ ಹೇಳುತ್ತೇನೆ ಎಂದರು ಯಜಮಾನರು, ಕವನಳ ಕಡೆ ನೋಡಿಕೊಂಡೇ. ಹಾಲೇಶನಿಗೆ ಅಂದಿನಿಂದ ಅನ್ನ ರುಚಿಸಲಿಲ್ಲ.

ಶನಿವಾರ ಬೆಳಿಗ್ಗೆ ಅವಳ ವೇಗದ ಗುಟ್ಟು ಅವನ ಕಣ್ಣಿಗೆ ಬಿತ್ತು. ಅವಳು ಎಲ್ಲ ಪಿನ್ನನ್ನೂ ಒಟ್ಟಿಗೇ ಆನ್ ಮಾಡುತ್ತಿದ್ದಳು. ಪಕ್ಕಪಕ್ಕದ ಎರಡು ಪಿನ್ನು ಬೆಸುಗೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಹೀಗೆ ಗೊತ್ತಾಗುವುದೇ ಇಲ್ಲ, ಹೇಗೂ ಎಲ್ಲ ದೀಪವೂ ಹೊತ್ತಿರುತ್ತವಲ್ಲ. ಒಂದನ್ನೇ ಆನ್ ಮಾಡಿದಾಗ ಪಕ್ಕದ್ದೂ ಮಿಣುಕಿತೋ, ಕಳ್ಳ ಸಿಕ್ಕಿಬಿದ್ದ. ಹಾಲೇಶನಿಗೆ ಹಾಲು ಕುಡಿದಷ್ಟು ಸಂತೋಷ. ಪುಣ್ಯಾತ್ಮ ಬಾಯಿ ಬಿಟ್ಟನೇ? ಊಹೂಂ. ಪಾಸಾದ ಬೋರ್ಡಿಗೆಲ್ಲ ಅವಳು ಹಸಿರು ಉಗುರುಬಣ್ಣದ ಚುಕ್ಕೆ ಇಡುತ್ತಾ ಹೋದಳು, ಇವನು ನೋಡುತ್ತಾ ಕೂತ.

ಸಂಜೆ ಆ ವಾರದ ಬೋರ್ಡು ತುಂಬಿದ ಡಬ್ಬಗಳಿಗೆ ಟೇಪು ಬಿದ್ದ ಮೇಲೆ ಅವಳ ಬೋರ್ಡುಗಳನ್ನು ಹೊರತೆಗೆದು ಪರೀಕ್ಷಿಸಿದ. ಅಂಟಿಕೊಂಡದ್ದೊಂದು ಸಿಕ್ಕಿತು. ಅದನ್ನು ಯಜಮಾನರ ಮುಂದೆ ಹಿಡಿದ.

"ಬೆಳಿಗ್ಗೆಯಿಂದ ಇವಳು ಹೀಗೇ ಮಾಡ್ತಿದಾಳೆ ಸರ್. ನಾನು ನೋಡ್ತಾನೇ ಇದೀನಿ."

"ಬೆಳಿಗ್ಗೆನೇ ನೋಡಿ ಸಂಜೆವರೆಗೂ ಸುಮ್ನಿದ್ಯೇನೋ ಮಾರಾಯ?" ಎಂದರು ಶಂಕರನಾರಾಯಣರು. "ಇದು ಯಾರದೋ ತೋಟಕ್ಕೆ ಹೋಗಿದ್ರೆ?"

ಕವನ ತಪ್ಪು ತನ್ನದೇ ಎಂದಳು. ಡಬ್ಬಗಳನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರು ಮಾಡಿದಳು, ಒಂದೊಂದೇ ಪಿನ್ನು. ಅದನ್ನು ನೋಡಿದ ಯಜಮಾನರು ಇನ್‌ಚಾರ್ಜ್ ಅವಳೇ ಎಂದರು.

ಭದ್ರಾವತಿಯ ಬಸ್ಸಿನಲ್ಲಿ ಹಾಲೇಶ ಮೆಲ್ಲಗೆ ಕೇಳಿದ, "ಕೋಪನಾ?"

"ನಂಗೆ ಗೊತ್ತಿರ್ಲಿಲ್ಲ, ತಪ್ಪು ಮಾಡ್ದೆ. ನೀವು ಗೊತ್ತಿದ್ದೂ ನೋಡ್ತಾ ಕೂತ್ರಿ. ಸೋಮವಾರದಿಂದ ನಿಮ್ಮ ಬೋರ್ಡುಗಳನ್ನ ನಾನು ಇನ್ನೊಂದ್ಸಲ ನೋಡ್ತೀನಿ."

ಹಾಗೆಂದು ಎದ್ದು, ಮುಂದೆ ಹೆಂಗಸರ ಸೀಟಿಗೆ ಹೋಗಿ ಕೂತಳು.