ಅಪ್ಪನ ಎರೆಯ ಡಬ್ಬಿ

ನಮ್ಮಪ್ಪ ಮನೆಯಲ್ಲಿ ಯಾರಿಗೂ ಮುಟ್ಟಗೊಡದ ವಸ್ತು ಒಂದೇ. ಅದು ಬಿಸ್ಕಿಟಿನ ಒಂದು ಹಳೆಯ ತಗಡಿನ ಡಬ್ಬಿ. ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ಏಳು ತೂತು, ಒಳಗೆ ಹಸಿ ಮಣ್ಣು, ಮಣ್ಣಿನೊಳಗೆ ಎರೆಹುಳು. ಹೊಲದ ಕಾಗದವನ್ನಾದರೂ ಯಾರ ಕೈಗಾದರೂ ಕೊಟ್ಟಾನು, ಆ ಡಬ್ಬಿ ಮಾತ್ರ ಕೊಡುತ್ತಿರಲಿಲ್ಲ.

ನಮ್ಮೂರು ಬೀದರಿನ ಗಡಿಯಾಚೆ, ಕಲ್ಹೇರ್ ಹತ್ತಿರ. ಎರಡೆಕರೆ ಹೊಲ, ತೊಗರಿ, ಜೋಳ. ಹೊಲದ ಕೆಲಸ ಮುಗಿದರೆ ಅಪ್ಪ ಕೆರೆಯ ದಂಡೆಯಲ್ಲೇ ಇರುತ್ತಿದ್ದ. ಗಾಳ ಹಾಕುವ ದಿನ ಎರೆಯನ್ನು ತಾನೇ ಅಗೆದು ತರಬೇಕು, ಅದು ಅವನ ಹಟ. ನಾರಾಯಣಖೇಡದ ಅಂಗಡಿಯಲ್ಲಿ ಪಾಕೀಟಿನ ಎರೆ ಬಂದಿದೆಯೆಂದು ಯಾರೋ ಹೇಳಿದ್ದಕ್ಕೆ, "ಎರಿ ಕೊಂಡು ತರೂದಾದ್ರ ಮೀನೂ ಕೊಂಡೇ ತರ್ರಿ. ಕೆರಿಗಿ ಎದಕ ಹೋಗ್ತೀರಿ?" ಎಂದು ಎದ್ದು ಹೋಗಿದ್ದ. ನನಗೂ ನನ್ನ ತಂಗಿಗೂ ಅಕ್ಷರಕ್ಕಿಂತ ಮೊದಲು ಅವನು ಕಲಿಸಿದ್ದು ಹುಳ ಎಲ್ಲಿದೆಯೆಂದು ನೋಡುವುದನ್ನು. ಬೋರಿಂಗಿನ ನೀರು ಹರಿದು ಹೋಗುವಲ್ಲಿ ಕೂತು, ಶಾವಿಗೆ ಸುರುಳಿಯಂತೆ ಮಣ್ಣು ಎದ್ದಿದೆಯೇ ನೋಡಬೇಕು. ಸುರುಳಿ ಒಣಗಿದ್ದರೆ ಹುಳ ಜಾಗ ಬಿಟ್ಟಿದೆ. ಹಸಿಯಾಗಿದ್ದರೆ ಕೆಳಗೇ ಇದೆ. ಮೇಲೆ ನಿಂತು ಅಗೆಯದೆ ಪಕ್ಕದಿಂದ ಖುರ್ಪಿ ಹಾಕಬೇಕು, ಇಲ್ಲದಿದ್ದರೆ ಹುಳ ಎರಡು ತುಂಡು.

ನಾನೀಗ ಜಹೀರಾಬಾದಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇದೆಯೆಂದು ಮಕ್ಕಳು ಆಡಿಕೊಳ್ಳುತ್ತಾರೆ. ಅದು ಅಪ್ಪನಿಂದ ಬಂದ ಆಸ್ತಿ. ತಂಗಿಗೆ ಬಂದದ್ದು ಸಿಟ್ಟಲ್ಲ, ಹಟ. ಅವಳು ಬೀದರಿನಲ್ಲಿ ಓದುವಾಗ ಕರಾವಳಿಯ ಹುಡುಗನೊಬ್ಬನನ್ನು ಮೆಚ್ಚಿ, ಎಲ್ಲ ನಿಶ್ಚಯ ಮಾಡಿಕೊಂಡ ಮೇಲೆ ಮನೆಗೆ ಸುದ್ದಿ ತಂದಳು. ಅಪ್ಪ ಜಗಳ ಆಡಲಿಲ್ಲ. ಮದುವೆಗೆ ಬಂದ, ಅಕ್ಕಿಕಾಳು ಹಾಕಿದ, ಉಂಡ. ಬಸ್ಸು ಹತ್ತುವ ಮುಂಚೆ ಅವಳಿಗೆ ಹೇಳಿದ: "ನನ್ನ ಕೇಳದ ಆರಿಸಿಕೊಂಡ ಮನಿ ಅದು. ಚಂದಾಗಿರು. ನಾ ಅಲ್ಲಿಗಿ ಬರಂಗಿಲ್ಲ." ಮೂರು ವರ್ಷ ಆ ಮಾತನ್ನೇ ಹಿಡಿದು ಕೂತ.

ಅವನನ್ನು ಎಬ್ಬಿಸಿದ್ದು ತಂಗಿಯ ಮಾವ. ಅವರ ಊರು ಕುಮಟಾದ ಹತ್ತಿರ, ಅಘನಾಶಿನಿ ನದಿ ಸಮುದ್ರಕ್ಕೆ ಸೇರುವಲ್ಲಿ. ಒಂದು ದಿನ ಫೋನು ಮಾಡಿ, "ಬೀಗ್ರೇ, ನೀವು ಕೆರೆಯಲ್ಲಿ ಭಾರೀ ಹಿಡೀತ್ರಂತೆ. ಸಮುದ್ರದಲ್ಲಿ ಹಿಡೀಲಿಕ್ಕೆ ಆಗ್ತದಾ?" ಎಂದರು. ಬೀಗರ ಕೀಟಲೆ ಅಂದರೆ ಹಾಗೇ ಇರುತ್ತದೆ. ಅಪ್ಪನ ಕಿವಿ ಕೆಂಪಾಯಿತು. "ಮೀನ ಎಲ್ಲಾ ಕಡಿ ಮೀನೇ ಅಲ್ರೀ," ಎಂದ. ಮರುದಿನ ಬೋರಿಂಗಿನ ಹತ್ತಿರ ಕೂತು ಎರೆ ಅಗೆಯುತ್ತಿದ್ದ.

"ಅಲ್ಲಿ ಹುಳ ಸಿಗಂಗಿಲ್ಲೇನಪ್ಪಾ?" ಎಂದೆ.

"ಅಲ್ಲಿರೂದು ಉಸುಕು. ಉಸುಕಿನಾಗ ಹುಳ ಇರ್ತಾವೇನು?"

ಅವ್ವ ಎಮ್ಮೆ ಬಿಟ್ಟು ಬರಲೊಲ್ಲೆ ಎಂದಳು. ಅಪ್ಪ ಮತ್ತು ನಾನು ಹೊರಟೆವು. ಜಹೀರಾಬಾದಿನಿಂದ ಕಲಬುರಗಿ, ಅಲ್ಲಿಂದ ಹುಬ್ಬಳ್ಳಿ, ಅಲ್ಲಿಂದ ಘಟ್ಟ ಇಳಿದು ಕುಮಟಾ. ಅಷ್ಟು ದಾರಿಯೂ ಡಬ್ಬಿ ಅವನ ತೊಡೆಯ ಮೇಲೆ. ಬಸ್ಸು ನಿಂತಲ್ಲೆಲ್ಲ ಇಳಿದು, ನಲ್ಲಿಯ ನೀರು ಬೊಗಸೆಯಲ್ಲಿ ತಂದು ತೂತಿನ ಮೇಲೆ ಚಿಮುಕಿಸುತ್ತಿದ್ದ. ಜೇಬಿನಲ್ಲಿ ದಾರ, ಗಾಳ, ಮತ್ತು ಭಾರಕ್ಕೆಂದು ತಾಂಡೂರು ಬಂಡೆಯ ಚಿಕ್ಕ ಚೂರು. ನೆಲಕ್ಕೆ ಹಾಸುವ ಆ ಕಲ್ಲಿನ ತುಂಡನ್ನು ಉಜ್ಜಿ, ನಡುವೆ ಗೀರು ಮಾಡಿ, ದಾರ ಸುತ್ತಲು ಹದ ಮಾಡಿಕೊಂಡಿದ್ದ. ಯಾವುದೋ ಪೈಲ್ವಾನ ಕುಸ್ತಿಗೆ ಹೊರಟಂತೆ ನಮ್ಮ ಸವಾರಿ ಹೊರಟಿತ್ತು.

ತಂಗಿ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅಪ್ಪ ಕಾಲು ತೊಳೆದುಕೊಂಡು ಒಳಗೆ ಬಂದ, ಆದರೆ ಕುರ್ಚಿಯ ತುದಿಯಲ್ಲಿ ಕೂತ. ದವಾಖಾನೆಯಲ್ಲಿ ನಂಬರು ಕಾಯುವವರು ಕೂಡುತ್ತಾರಲ್ಲ, ಹಾಗೆ. ಚಹಾ ಕುಡಿದವನೇ "ಎಲ್ಲಿ ಅದ ನಿಮ್ಮ ಸಮುದ್ರ?" ಎಂದು ಎದ್ದ.

ಆ ಸಂಜೆ ಆದದ್ದನ್ನು ನೆನೆದರೆ ನನಗೆ ಈಗಲೂ ಮೈ ಬಿಸಿಯಾಗುತ್ತದೆ. ದಂಡೆಯಲ್ಲಿ ಬೀಗರು ಮಗ ಕೊಡಿಸಿದ ಹೊಸ ಗಾಳದ ಕೋಲು ಹಿಡಿದು ನಿಂತಿದ್ದರು. ಪಕ್ಕದಲ್ಲಿ ಒಂದು ಪಾಕೀಟು, ಅದರಲ್ಲಿ ಪೇಟೆಯಿಂದ ತಂದ ಸೀಗಡಿ. ಅಲ್ಲಿ ಶೆಟ್ಲಿ ಅನ್ನುತ್ತಾರೆ. ಅಪ್ಪ ಡಬ್ಬಿ ತೆರೆದ. ಬಿಸಿಲು ಇನ್ನೂ ಜೋರಿತ್ತು. ಹುಳಕ್ಕೆ ಬಿಸಿ ತಾಗೀತೆಂದು ಎಂದಿನಂತೆ ಬಗ್ಗಿ, ಒಂದು ಬೊಗಸೆ ನೀರು ತುಂಬಿಕೊಂಡು ಡಬ್ಬಿಗೆ ಹಾಕಿದ. ಅರವತ್ತು ವರ್ಷ ನೀರೆಂದರೆ ಸಿಹಿನೀರು ಎಂದೇ ತಿಳಿದ ಕೈ ಅದು. ಸಮುದ್ರದ ನೀರು ಬಿದ್ದದ್ದೇ ತಡ, ಹುಳುಗಳೆಲ್ಲ ಒಮ್ಮೆಲೇ ಎದ್ದು ಹೊರಳಾಡಿ, ನಾವು ನೋಡುತ್ತಿದ್ದಂತೆ ಬಿಳಿಚಿ ಬಿದ್ದವು. ನಾನೂರು ಮೈಲಿ ಬದುಕಿ ಬಂದವು ಅರೆಗಳಿಗೆಯಲ್ಲಿ ಸತ್ತವು.

ಬೀಗರು ಇಣುಕಿ ನೋಡಿ ಹೊಟ್ಟೆ ಹಿಡಿದು ನಕ್ಕರು. "ಎಂತಾ ಬೀಗ್ರೇ, ಸಾರಿಗೆ ಉಪ್ಪು ಜಾಸ್ತಿ ಆಯ್ತಾ? ನನ್ನ ಹತ್ರ ಶೆಟ್ಲಿ ಉಂಟು, ತಕಳಿ."

ಅವರು ಕೆಟ್ಟವರಲ್ಲ. ನಗುವುದು ಅವರ ಸ್ವಭಾವ. ಆದರೆ ಅಪ್ಪ ಶೆಟ್ಲಿ ಮುಟ್ಟಲಿಲ್ಲ. ಸತ್ತ ಹುಳವನ್ನೇ ಒಂದೊಂದಾಗಿ ಗಾಳಕ್ಕೆ ಹಾಕುತ್ತ ಕತ್ತಲಾಗುವವರೆಗೆ ನಿಂತ. ಒಂದೂ ಕಚ್ಚಲಿಲ್ಲ. ಊಟಕ್ಕೆ ಕೂತಾಗ ಬರೀ ಅನ್ನ, ಮಜ್ಜಿಗೆ. ಬೀಗರು ಹಿಡಿದ ಮೀನಿನ ತಟ್ಟೆಯನ್ನು ಬೆರಳಿನಿಂದ ಆಚೆ ಸರಿಸಿ, "ನಾಳಿ ಸಂಜಿ ಬಸ್ಸಿಗಿ ಹೋಗ್ತೀವಿ," ಎಂದ. ನಾಲ್ಕು ದಿನ ಇರಲು ಬಂದವರು ನಾವು.

ಅಡುಗೆಮನೆಯಲ್ಲಿ ತಂಗಿ ಪಾತ್ರೆ ತೊಳೆಯುವ ನೆಪದಲ್ಲಿ ಮುಖ ತಿರುಗಿಸಿ ನಿಂತಿದ್ದಳು. "ಅಕ್ಕಾ, ಅಪ್ಪ ಹಿಂಗ ಹೋದನಂದ್ರ ಮತ್ತ ಈ ಹೊಸ್ತಲ ತುಳಿಯಂಗಿಲ್ಲ ನೋಡು," ಎಂದಳು. ನನಗೂ ಅದೇ ಗೊತ್ತಿತ್ತು. ಅವಳು ಅತ್ತದ್ದು ನೋಡಿ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಅಪ್ಪನ ಮೇಲೆ, ಬೀಗರ ಮೇಲೆ, ಆ ಇಡೀ ಉಪ್ಪುನೀರಿನ ಮೇಲೆ.

ಕೆಸರಿನಲ್ಲಾದರೂ ಹುಳ ಇದ್ದೀತೆಂದು ಬೆಳಿಗ್ಗೆ ತಂಗಿಯ ಖುರ್ಪಿ ಹಿಡಿದು, ಅಪ್ಪನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ನದಿಯ ಕಡೆ ಹೋದೆ. ಇಳಿತದ ಹೊತ್ತು. ನೀರು ಹಿಂದೆ ಸರಿದು, ಅರ್ಧ ಮೈಲಿಯಷ್ಟು ಕೆಸರು ಬಯಲಾಗಿತ್ತು. ದೂರದಲ್ಲಿ ಹೆಂಗಸರು ಬಗ್ಗಿ ಚಿಪ್ಪು ಆರಿಸುತ್ತಿದ್ದರು. ಅಪ್ಪ ಮೊದಲು ಮುಖ ಸಿಂಡರಿಸಿಕೊಂಡು ನಿಂತ. ಆಮೇಲೆ ಒಂದು ಹೆಜ್ಜೆ ಇಟ್ಟ. ಆಮೇಲೆ ಕೂತ. ಅವನು ಹಾಗೆ ಕುಕ್ಕರುಗಾಲಲ್ಲಿ ಕೂತದ್ದು ನೋಡಿದೊಡನೆ ನನ್ನ ಎದೆ ಹಗುರಾಯಿತು. ಕೆರೆಯ ಹತ್ತಿರ ಹಾಗೆ ಕೂತನೆಂದರೆ ಏನೋ ಕಂಡಿದ್ದಾನೆ ಎಂದೇ ಅರ್ಥ.

"ಬಾ ಇಲ್ಲಿ. ಇದೇನದು ನೋಡು."

ಕೆಸರಿನ ಮೇಲೆ ಶಾವಿಗೆಯ ಸುರುಳಿ. ಹಸಿ ಸುರುಳಿ. ಒಂದಲ್ಲ, ಕಣ್ಣು ಹಾಯಿಸಿದಷ್ಟು ದೂರ.

"ನಮ್ಮ ಹುಳದ ಹೇಲ ಇದ್ದಂಗೇ ಅದ!" ಎಂದು ಅಪ್ಪ ಕೂಗಿದ. ಇಷ್ಟು ಸಂತೋಷದಿಂದ ಯಾರೂ ಆ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಪಕ್ಕದಿಂದ ಖುರ್ಪಿ ಹಾಕಿ, ಮೆಲ್ಲಗೆ ಕೆಸರು ಮಗುಚಿದ. ಕೆಂಪಗೆ, ಕಿರುಬೆರಳ ದಪ್ಪದ ಹುಳವೊಂದು ಹೊರಬಂತು. ಎರಡೂ ಮಗ್ಗುಲಿಗೆ ಸಣ್ಣ ಸಣ್ಣ ಕಾಲು. ಅಪ್ಪ ಗಾಬರಿಯಿಂದ ಕೈ ಹಿಂದೆ ಎಳೆದ. "ಇದಕ್ಕ ಕಾಲ ಅದಾವಲ್ಲ!" ಮತ್ತೆ ತಾನೇ ನಕ್ಕ. "ಇರ್ಲಿ ಬಿಡು. ಸಮುದ್ರ ದೊಡ್ಡದದ, ನಡಿಯಾಕ ಬೇಕಲ್ಲ." ಒಂದು ತಾಸಿನಲ್ಲಿ ಹದಿನೈದು ಹುಳ ತೆಗೆದೆವು. ಮನೆಗೆ ಬರುವಾಗ ಅಪ್ಪ ಮುಂದೆ, ನಾನು ಹಿಂದೆ.

ಗೆದ್ದೆವೆಂದೇ ತಿಳಿದಿದ್ದೆ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಅಪ್ಪ ಅಂಗಳದ ನಲ್ಲಿಯ ಕೆಳಗೆ ಹುಳಗಳನ್ನು ಚೊಕ್ಕ ತೊಳೆದು, ಡಬ್ಬಿಗೆ ತೆಂಗಿನ ಬುಡದ ಮಣ್ಣು ಹಾಕಿ, ಮೇಲೆ ಬಾವಿಯ ನೀರು ಚಿಮುಕಿಸಿ ನೆರಳಲ್ಲಿ ಇಟ್ಟಿದ್ದ. ಎರೆಯನ್ನು ಅವನು ಇಡುವ ರೀತಿಯೇ ಅದು. ಒಂದು ಚಹಾ ಮುಗಿಯುವಷ್ಟರಲ್ಲಿ ಮುಚ್ಚಳ ತೆಗೆದರೆ ಹುಳಗಳೆಲ್ಲ ಉಬ್ಬಿ ಸತ್ತಿದ್ದವು.

ನಾನು ಬಾಯಿಗೆ ಬಂದಂತೆ ಕೂಗಾಡಿದೆ. "ಯಾರು ಹೇಳ್ಯಾರ ನಿನಗ ಸೀ ನೀರು ಹಾಕು ಅಂತ?" ಎಂದೆ. ಅಪ್ಪ ಕಟ್ಟೆಯ ಮೇಲೆ ಕೂತು ಡಬ್ಬಿಯನ್ನೇ ನೋಡುತ್ತಿದ್ದ. ತಂಗಿ ಬಂದು ಅವನ ಪಕ್ಕ ಕೂತಳು.

"ನಮ್ಮ ಹುಳ ಉಪ್ಪು ನೀರಾಗ ಸತ್ತವು. ಇವು ಸೀ ನೀರಾಗ ಸತ್ತವು, ಅಷ್ಟೇ ಅಪ್ಪಾ," ಎಂದಳು.

ಅಪ್ಪ ಡಬ್ಬಿಯಿಂದ ಕಣ್ಣೆತ್ತದೆ ಕೇಳಿದ: "ಮತ್ತ ನೀ ಹ್ಯಾಂಗ ಇದ್ದಿ ಇಲ್ಲಿ?"

ಮೂರು ವರ್ಷದ ಸಿಟ್ಟಿನ ಕೆಳಗೆ ಇದ್ದದ್ದು ಈ ಒಂದು ಹೆದರಿಕೆ ಎಂದು ನನಗೆ ಆಗ ತಿಳಿಯಿತು. ನಾನು ಲೆಕ್ಕ ಹೇಳಿಕೊಡುವ ಮಾಸ್ತರಿಣಿ, ಇಷ್ಟು ಸುಲಭದ್ದು ಹೊಳೆದಿರಲಿಲ್ಲ.

ತಂಗಿ ಅವನ ಕೈಯಿಂದ ಡಬ್ಬಿ ತೆಗೆದುಕೊಂಡಳು. "ನಾ ಹುಳ ಅಲ್ಲಪ್ಪಾ," ಎಂದಳು. "ಏಳು ಜಲ್ದಿ. ಇನ್ನೊಂದು ತಾಸಿನಾಗ ಭರತ ಬರ್ತದ, ಕೆಸರೆಲ್ಲಾ ಮುಳಗ್ತದ."

ಅವನು ಯಾರಿಗೂ ಮುಟ್ಟಗೊಡದ ಡಬ್ಬಿ ಅವಳ ಕೈಯಲ್ಲಿತ್ತು, ಅವನು ಬೇಡ ಅನ್ನಲಿಲ್ಲ. ಅವಳು ಸೀರೆ ಎತ್ತಿಕಟ್ಟಿ ಮುಂದೆ ನಡೆದಳು. ಎಲ್ಲಿ ಕಾಲು ಹೂಳುತ್ತದೆ, ಎಲ್ಲಿ ನೆಲ ಗಟ್ಟಿ, ಎಲ್ಲ ಅವಳಿಗೆ ಗೊತ್ತಿತ್ತು. ಅಪ್ಪ ಅವಳ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ನಡೆದ. ಅವನು ಸುರುಳಿ ತೋರಿಸುವುದು, ನಾನು ಅಗೆಯುವುದು, ಅವಳು ಹುಳ ಆರಿಸಿ ಉಪ್ಪುನೀರಿನ ಉಸುಕಿನಲ್ಲಿ ಇಡುವುದು. ನೀರು ಮೀನಖಂಡಕ್ಕೆ ಬರುವವರೆಗೂ ಬಿಡಲಿಲ್ಲ. ಹನ್ನೊಂದು ಹುಳ ಸಿಕ್ಕವು, ಹನ್ನೊಂದೂ ಜೀವಂತ.

ದಂಡೆಗೆ ಬಂದರೆ ಬೀಗರು ಕೋಲು ಹಿಡಿದು ಸಪ್ಪೆ ಮುಖದಲ್ಲಿ ನಿಂತಿದ್ದರು. ಆ ದಿನ ಪೇಟೆಯಲ್ಲಿ ಶೆಟ್ಲಿ ಬಂದಿರಲಿಲ್ಲ. ಫ್ರಿಜ್ಜಿನಲ್ಲಿದ್ದ ಹಳೆಯದು ಮೆತ್ತಗಾಗಿ ಗಾಳಕ್ಕೆ ನಿಲ್ಲುತ್ತಿರಲಿಲ್ಲ. ಅಪ್ಪ ಅವರ ಕಡೆ ನೋಡದೆ ಹುಳ ಚುಚ್ಚಿ, ತಾಂಡೂರು ಕಲ್ಲನ್ನು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ದಾರ ಬಿಟ್ಟ. ಒಂದು ಬೀಡಿ ಸೇದುವಷ್ಟೂ ಹೊತ್ತಾಗಲಿಲ್ಲ. ದಾರ ಬಿಗಿಯಿತು. ಅಪ್ಪ ಒಂದು ಕೈಯ ಮುಂದೆ ಇನ್ನೊಂದು ಕೈ ಹಾಕುತ್ತ ಎಳೆದ. ಗೇಣುದ್ದದ, ಬೆಳ್ಳಗೆ ಹೊಳೆಯುವ ಮೀನೊಂದು ಉಸುಕಿನ ಮೇಲೆ ಬಂದು ಬಿತ್ತು.

"ನೋಗ್ಲಿ!" ಎಂದು ಬೀಗರು ಕೂಗಿದರು. ಮಂಗಳೂರಿನವರು ಕಾಣೆ ಅನ್ನುವ ಆ ಮೀನು ಅವರಿಗೆ ಆ ತಿಂಗಳು ಒಂದೂ ಸಿಕ್ಕಿರಲಿಲ್ಲವಂತೆ. ಅಪ್ಪನಿಗೆ ಎರಡನೆಯದು ಬಂತು. ಮೂರನೆಯದೂ ಬಂತು. ನಾನು, ತಂಗಿ ಇಬ್ಬರೂ ಮಕ್ಕಳಂತೆ ಕುಣಿದೆವು, ಚಿಪ್ಪು ಆರಿಸುವ ಹೆಂಗಸರು ನಿಂತು ನೋಡಿದರು, ನೋಡಲಿ ಬಿಡಿ. ಅಪ್ಪ ಆಗ ಬೀಗರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದ: "ಉಪ್ಪು ಬರಾಬ್ಬರಿ ಅದ ಏನ್ರಿ ಬೀಗ್ರೇ?"

ಬೀಗರು ಕೋಲನ್ನು ಉಸುಕಿಗೆ ಚುಚ್ಚಿ ಕೈ ಮುಗಿದುಬಿಟ್ಟರು. ನಗುತ್ತಲೇ ಮುಗಿದರು, ಆದರೆ ಖರೆ ಮುಗಿದರು. "ನಮ್ಮ ಅಪ್ಪ ಇದೇ ಹುಳ ತೆಗೀತಿದ್ರು. ನಾವು ಫ್ರಿಜ್ಜು ಬಂದ ಮೇಲೆ ಮರ್ತೇ ಬಿಟ್ವು. ಒಂದು ಕೊಡಿ ಬೀಗ್ರೇ."

"ಒಂದ್ಯಾಕ? ನಾಲ್ಕು ತೊಗೋರಿ," ಎಂದ ಅಪ್ಪ. "ನಾಳಿ ಮುಂಜಾನಿ ಬರ್ರಿ, ತೆಗಿಯೂದು ತೋರಸ್ತೀನಿ."

ನಾಳೆ ಮುಂಜಾನೆ! ಸಂಜೆಯ ಬಸ್ಸಿನ ಮಾತನ್ನು ನಾವ್ಯಾರೂ ನೆನಪಿಸಲಿಲ್ಲ. ಮಧ್ಯಾಹ್ನ ತಂಗಿ ನೋಗ್ಲಿ ಹುರಿದಳು. ಅಪ್ಪ ಕುರ್ಚಿ ಬಿಟ್ಟು ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ನಮ್ಮೂರ ಮನೆಯಲ್ಲಿ ಕೂಡುವಂತೆಯೇ ಕೂತು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಖಾರ ಸಾಲದು ಎಂದು ತಂಗಿಯನ್ನು ಬೈದ. ಬೈಸಿಕೊಂಡು ಅವಳು ಅಷ್ಟು ಖುಷಿಪಟ್ಟದ್ದು ನಾನು ಬೇರೆಂದೂ ನೋಡಿಲ್ಲ.

ನಾಲ್ಕು ದಿನ ಎಂದದ್ದು ಆರು ದಿನವಾಯಿತು. ಪ್ರತಿದಿನ ಇಳಿತಕ್ಕೆ ಇಬ್ಬರು ಬೀಗರೂ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾವ ಸುರುಳಿ ಹಸಿ, ಯಾವುದು ಒಣ ಎಂದು ವಾದ ಮಾಡುತ್ತಿದ್ದರು. ಹೊರಡುವ ದಿನ ನಾನು ಚೀಲ ಕಟ್ಟುತ್ತ ನೋಡಿದರೆ ಡಬ್ಬಿ ಕಾಣಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಗಾಬರಿಯಾಗಿ ಮನೆಯೆಲ್ಲ ಹುಡುಕಿದೆ. ಕೊನೆಗೆ ನೋಡಿದರೆ, ತೊಳೆದು ಒರೆಸಿದ ಡಬ್ಬಿ ತಂಗಿಯ ಅಡುಗೆಮನೆಯ ಹಲಗೆಯ ಮೇಲೆ, ಅವಳ ಉಪ್ಪಿನ ಭರಣಿಯ ಪಕ್ಕದಲ್ಲಿ ಕೂತಿತ್ತು.

"ಅಪ್ಪಾ, ಡಬ್ಬಿ ಮರತಿದ್ದಿ ನೋಡು," ಎಂದು ತಂದುಕೊಟ್ಟೆ.

ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಒಳಗೆ ಹೋಗಿ, ಮತ್ತೆ ಅದೇ ಹಲಗೆಯ ಮೇಲೆ ಇಟ್ಟು ಬಂದ.

"ಅಲ್ಲೇ ಇರ್ಲಿ," ಎಂದ. "ಪ್ರತೀ ಸಲ ಎಲ್ಲಿ ಹೊತಗೊಂಡು ಬರ್ಲಿ?"