ಅಪ್ಪ ಹಾಕಿಸುತ್ತಿದ್ದ ಇನ್ನೊಂದು ಎಲೆ

ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ, ತಾತ ಅಜ್ಜಿಯರ ಎಲೆಗಳ ಸಾಲಿನ ಕೊನೆಯಲ್ಲಿ ಅಪ್ಪ ಇನ್ನೊಂದು ಎಲೆ ಹಾಕಿಸುತ್ತಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಅವರು ನೌಕಾಪಡೆಯ ಹಡಗಿನಲ್ಲಿದ್ದವರು. ಆ ಎಲೆ ಯಾರಿಗೆಂದು ಕೇಳಿದರೆ, "ನೀರಲ್ಲಿ ಹೋದೋನ್ಗೆ" ಎಂದಷ್ಟೇ ಹೇಳಿ ಬೇರೆ ಮಾತಿಗೆ ತಿರುಗುತ್ತಿದ್ದರು. ಮೂರು ವರ್ಷಗಳ ಹಿಂದೆ, ಕೊನೆಯ ದಿನಗಳಲ್ಲಿ, ನನ್ನನ್ನು ಕೇಳಿಕೊಂಡದ್ದೂ ಅದೊಂದನ್ನೇ: "ಆ ಎಲೆ ಮಾತ್ರ ನಿಲ್ಲಿಸ್ಬುಡ್ಬೇಡ ಕಣಮ್ಮ."

ನಿಲ್ಲಿಸಲಿಲ್ಲ. ಆದರೆ ಯಾರಿಗೆಂದು ತಿಳಿಯದೆ ಬಡಿಸುವುದು ನನ್ನಿಂದಾಗದ ಕೆಲಸ. ನಜರ್‌ಬಾದಿನ ಹಳೆಯ ಮನೆಯಿಂದ ಬೋಗಾದಿಯ ನನ್ನ ಮನೆಗೆ ತಂದಿದ್ದ ಅಪ್ಪನ ಟ್ರಂಕನ್ನು ತೆರೆದು, ಒಳಗಿದ್ದ ಪ್ರತಿಯೊಂದು ವಸ್ತುವಿಗೂ ಚೀಟಿ ಅಂಟಿಸಿದೆ: ಬಿಳಿಯ ಟೋಪಿ, ಎರಡು ಪದಕ, ತುಕ್ಕು ಹಿಡಿದ ಕ್ಷೌರದ ಡಬ್ಬಿ, ಹಡಗಿನ ಮೇಲೆ ತೆಗೆಸಿಕೊಂಡ ಒಂದು ಫೋಟೋ. ಫೋಟೋದಲ್ಲಿ ಅಪ್ಪನ ಕೈ ತೆಳ್ಳನೆಯ ನಾವಿಕನೊಬ್ಬನ ಹೆಗಲ ಮೇಲಿತ್ತು. ಇವನೇ ಎಂದು ತೀರ್ಮಾನಿಸಿದೆ. ಆ ಮುಖವನ್ನಷ್ಟೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿ, ಅಪ್ಪನ ಪಟದ ಪಕ್ಕದಲ್ಲಿ ತೂಗುಹಾಕಿದೆ. ಎರಡು ವರ್ಷ ಅದರ ಮುಂದೆ ಎಡೆ ಇಟ್ಟೆ. ಅವನು ಮಾತ್ರ ಒಲ್ಲೆನೆನ್ನುವಂತೆ ನೋಡುತ್ತಿದ್ದ. ಅಡುಗೆಮನೆಯಲ್ಲಿರುವಾಗಲೂ ಆ ನೋಟ ನನ್ನ ಬೆನ್ನ ಮೇಲಿರುತ್ತಿತ್ತು.

ಈ ಆಷಾಢದಲ್ಲಿ ದೇವಿಯ ದರ್ಶನಕ್ಕೆಂದು ಬೆಟ್ಟಕ್ಕೆ ಬಂದಿದ್ದ ವೃದ್ಧರೊಬ್ಬರು ವಿಳಾಸ ವಿಚಾರಿಸಿಕೊಂಡು ಮನೆಗೆ ಬಂದರು. ಅಪ್ಪನ ಜೊತೆ ಅದೇ ಹಡಗಿನಲ್ಲಿದ್ದವರು; ಸಾವಿನ ಸುದ್ದಿ ತಡವಾಗಿ ತಿಳಿಯಿತಂತೆ. ಅಪ್ಪನ ಪಟಕ್ಕೆ ಕೈಮುಗಿದವರು, ಪಕ್ಕದ ಪಟದ ಮುಂದೆ ಕನ್ನಡಕ ಒರೆಸಿಕೊಂಡು ನಿಂತರು.

"ಇದೇನಮ್ಮ, ನಂಗೇ ಹಾರ ಹಾಕ್ಬುಟ್ಟಿದ್ದೀಯಲ್ಲ?"

ತಡವರಿಸುತ್ತ ಎಲ್ಲವನ್ನೂ ಹೇಳಿದೆ.

"ಎರಡು ವರ್ಷ ಊಟ ಹಾಕಿದ್ದೀಯ. ಒಂದ್ ಕಾಗ್ದ ಬರ್ದಿದ್ರೆ ನಾನೇ ಬಂದು ಉಣ್ತಿರ್ಲಿಲ್ವ?" ಎಂದು ನಕ್ಕರು. ಕುರ್ಚಿಯಲ್ಲಿ ಕುಳಿತ ಮೇಲೆ ಆ ನಗು ಉಳಿಯಲಿಲ್ಲ.

"ನಮ್ಮ ಹಡಗಲ್ಲಿ ಯಾರೂ ಸಾಯ್ಲಿಲ್ಲ ಕಣಮ್ಮ. ನೀರಲ್ಲಿ ಹೋದೋನು ಆ ಕಡೆಯೋನು. ಅವರ ಹಡಗು ಮುಳುಗಿದ್ಮೇಲೆ ನೀರಲ್ಲಿ ಒದ್ದಾಡ್ತಿದ್ದ. ನಿಮ್ಮಪ್ಪ ಹಗ್ಗದೇಣಿ ಹಿಡ್ಕೊಂಡು ಇಳಿದ. ಅವನ ಕೈ ಸಿಕ್ತು. ಮೈಯೆಲ್ಲ ಎಣ್ಣೆ. ಜಾರ್ಬುಡ್ತು."

"ಅವನ ಹೆಸರು?"

"ಹೆಸ್ರು ಕೇಳೋ ಹೊತ್ತಾ ಅದು?" ಆಮೇಲೆ ಅಂದರು: "ಜನ ಏನಂತಾರೋ ಅಂತ ನಿಮ್ಮಪ್ಪ ಬಾಯಿ ಬಿಡ್ಲಿಲ್ಲ. ನಿಂಗೆ ಬೇಡ ಅನ್ಸಿದ್ರೆ ಬುಟ್ಬುಡು. ಯಾರೂ ತಪ್ಪು ತಿಳಿಯಲ್ಲ."

ಹೊರಡುವಾಗ ಹಾರ ತೆಗೆದು ನನ್ನ ಕೈಗಿಟ್ಟು, ತಮ್ಮ ಪಟವನ್ನು ಕಂಕುಳಲ್ಲಿರಿಸಿಕೊಂಡರು. "ಇದು ಇರ್ಲಿ. ಮುಂದೆ ನಮ್ಮನೇಲಿ ಬೇಕಾಗ್ತದೆ."

ಅಮಾವಾಸ್ಯೆಯವರೆಗೂ ಯೋಚಿಸಿದೆ. ನಮ್ಮ ಸೈನಿಕನೆಂದು ಎರಡು ವರ್ಷ ಅಕ್ಕರೆಯಿಂದ ಬಡಿಸಿದವಳಿಗೆ, ಅವನು ಆ ಕಡೆಯವನೆಂದು ತಿಳಿದೊಡನೆ ಕೈ ಹಿಂಜರಿಯಿತು, ಸುಳ್ಳು ಹೇಳಲಾರೆ. ಬಾಳೆಲೆ ಕೊಳ್ಳುವಾಗಲೂ ಒಂದನ್ನು ಕಡಿಮೆ ಮಾಡಿಸಿ, ಮತ್ತೆ ಸೇರಿಸಿಕೊಂಡು ಬಂದೆ.

ಆ ಎಲೆಯನ್ನೂ ಹಾಕಿದೆ. ಅದರ ಎದುರಿಗೆ, ಪಟವಿದ್ದ ಜಾಗದಲ್ಲಿ, ಗೋಡೆಯಷ್ಟೇ ಇತ್ತು. ಎಡೆ ಇಟ್ಟ ಮೇಲೆ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗಿರುವುದು ನಮ್ಮ ಪದ್ಧತಿ. ಅಪ್ಪ ಒಳಗಿದ್ದಾರೆ, ಕರೆದು ಕೂರಿಸುತ್ತಾರೆ ಎಂದುಕೊಂಡೆ. ಆದರೂ ಭಾಷೆ ತಿಳಿಯದ ಮನೆ. ಅವನು ಹೊಸ್ತಿಲಲ್ಲೇ ನಿಂತುಬಿಟ್ಟಿರಬಹುದು. ಬೇರೆ ವರ್ಷಗಳಿಗಿಂತ ಹೆಚ್ಚು ಹೊತ್ತು, ಚಿಲಕಕ್ಕೆ ಕೈಯಿಡದೆ, ಹೊರಗೇ ನಿಂತೆ.